ಇಲಿಗಳ ಪ್ರಯೋಗದಿಂದ ಪಾರ್ಕಿನ್ಸನ್ ಹರಡುವಿಕೆ ತಿಳಿಯಬಹುದೇ?

ಪ್ರಶ್ನೆ (ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು):
ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನು ಒಂದು ನರಕೋಶದಿಂದ ಇನ್ನೊಂದಕ್ಕೆ ಹರಡುತ್ತದೆ ಎನ್ನಲು ಇಲಿಗಳ ಪ್ರಯೋಗ ಸಾಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಸಂಶೋಧಕ, ಮೈಸೂರು):
ಬಲವಾದ ಸಾಕ್ಷ್ಯವಂತೂ ಹೌದು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜೀನ್ ಮಾರ್ಪಾಡಿಲ್ಲದ ಸಾಮಾನ್ಯ ಇಲಿಗಳ ಮಿದುಳಿನ ಸ್ಟ್ರಯೇಟಮ್ (ಚಲನೆಯ ನಿಯಂತ್ರಣದಲ್ಲಿ ನೆರವಾಗುವ) ಭಾಗಕ್ಕೆ ಈ ಪ್ರೋಟೀನಿನ ಕೃತಕ ಎಳೆಗಳನ್ನು ಒಮ್ಮೆ ಚುಚ್ಚಿದಾಗ, ನರತಂತುಗಳ ಮೂಲಕ ಅದಕ್ಕೆ ಜೋಡಣೆಗೊಂಡ ದೂರದ ಭಾಗಗಳಲ್ಲೂ ಪ್ರೋಟೀನು ಗಂಟುಕಟ್ಟಿ, ಕ್ರಮೇಣ ಡೋಪಮೈನ್ ಕೋಶಗಳು (ಪಾರ್ಕಿನ್ಸನ್‌ನಲ್ಲಿ ನಶಿಸುವ ನರಕೋಶಗಳು) ಸತ್ತವು. ತಮ್ಮದೇ ಆಲ್ಫಾ-ಸಿನ್ಯೂಕ್ಲಿನ್ ಇಲ್ಲದ ಇಲಿಗಳಲ್ಲಿ ಹಾಗಾಗಲಿಲ್ಲ. ಚುಚ್ಚಿದ ಎಳೆಗಳು ಹೆಪ್ಪಿನಂತೆ, ಇಲಿಯ ಸ್ವಂತ ಪ್ರೋಟೀನು ಹಾಲಿನಂತೆ; ಹೆಪ್ಪು ಹಾಕಿದರೂ ಹಾಲಿಲ್ಲದೆ ಮೊಸರಾಗದಲ್ಲವೇ?

ಉತ್ತರ (ಜೀವಶಾಸ್ತ್ರ ಅಧ್ಯಾಪಕಿ, ಮಂಡ್ಯ):
ಒಪ್ಪುತ್ತೇನೆ. ಆದರೆ ಮೊದಲ ಹೆಪ್ಪು ಮನುಷ್ಯರಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಚುಚ್ಚುವ ಪ್ರಯೋಗ ಹೇಳಲಾರದು, ಅದನ್ನು ಮರೆಯಬೇಡಿ. 2008ರ ವರದಿಗಳನ್ನೂ ಓದಿ: ರೋಗಿಗಳಿಗೆ ವರ್ಷಗಳ ಹಿಂದೆ ಕಸಿ ಮಾಡಿದ್ದ ಎಳೆವಯಸ್ಸಿನ ನರಕೋಶಗಳಲ್ಲೂ ಲೂಯಿ ಕಾಯಗಳು (ಇದೇ ಪ್ರೋಟೀನಿನ ಗಂಟುಗಳು) ಕಂಡುಬಂದಿದ್ದವು; ಅಂದರೆ ಅವು ರೋಗಿಯ ಕೋಶಗಳಿಂದ ಹರಡಿರಬಹುದು.