ಜಾಕ್ ಕೊಟ್ಟರೆ ಹಿಂದಿನ ಡೋರ್ ಹಿಡಿಯುತ್ತದೆ. ಕಾರಿನಲ್ಲಿ ಭಾರ ಹೊರುವುದು ತಗಡಾ, ಚಾಸಿನಾ?

ಗಂಗಾವತಿ ಭತ್ತ:

ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, ಹನ್ನೆರಡು ವರ್ಷ ಹಳೆಯದು. ಹೋದ ವಾರ ಪಂಕ್ಚರ್ ಆಗಿ ಎಡಗಡೆ ಹಿಂದಿನ ಚಕ್ರದ ಹತ್ತಿರ ಜಾಕ್ ಕೊಟ್ಟೆ. ಅದೇ ಬದಿಯ ಹಿಂದಿನ ಡೋರ್ ಬಿಗಿಯಾಗಿ ಕೂತುಬಿಟ್ಟಿತು, ಎಷ್ಟು ಎಳೆದರೂ ಬರಲಿಲ್ಲ. ಜಾಕ್ ಇಳಿಸಿದ ಮೇಲೆ ಸಲೀಸಾಗಿ ತೆರೆಯಿತು. ಡೋರ್ ಕೆಳಗೆ ಉದ್ದಕ್ಕೂ ಇರುವ ಪಟ್ಟಿಯಲ್ಲಿ ಪೇಂಟ್ ಉಬ್ಬಿದೆ.

ಇಲ್ಲಿ ಗೇಟು, ಗ್ರಿಲ್ಲು ಮಾಡುವವರೊಬ್ಬರು ನೋಡಿ, "ಕೆಳಗೆ ಉದ್ದಕ್ಕೆ 5 ಎಂಎಂ ಆಂಗಲ್ ಹೊಡೆದುಬಿಡೋಣ, ಚಾಸಿ ಇದ್ದಂಗೆ ಆಗುತ್ತೆ" ಅಂದರು. ಆಂಗಲ್ ಅಂದರೆ L ಆಕಾರದ ಕಬ್ಬಿಣದ ಪಟ್ಟಿ. ಮನೆಯಲ್ಲಿ ಒಂದು ಬೊಲೆರೊನೂ ಇದೆ. ಅದರ ಕೆಳಗೆ ಬಗ್ಗಿ ನೋಡಿದರೆ ಎರಡು ದಪ್ಪ ಕಬ್ಬಿಣದ ತೊಲೆ ಕಾಣುತ್ತವೆ. ಕಾರಿನ ಕೆಳಗೆ ಬರೀ ತಗಡು. ಒಂದು ಮಿಲಿಮೀಟರ್ ಆಸುಪಾಸಿನ ತಗಡು ಐದು ಜನರನ್ನು ಹೊರುವುದಾದರೂ ಹೇಗೆ? ಆಂಗಲ್ ಹೊಡೆಸಲೋ, ಬೇಡವೋ?

ಹಳೇ ಗೇರ್:

ಹೊಡೆಸಿ ಗುರುಗಳೇ, ಯೋಚನೆ ಯಾಕೆ. ಈಗಿನ ಕಾರೆಲ್ಲ ಬಿಸ್ಕಿಟ್ ಡಬ್ಬಿ. ಅಂಬಾಸಿಡರ್‌ಗೆ ಚಾಸಿ ಇತ್ತು, ಗುದ್ದಿದರೆ ಗೋಡೆನೇ ಬೀಳ್ತಿತ್ತು.

ಬಳ್ಳಾರಿ ಟಿಂಕರ್:

ಆಂಗಲ್ ಹೊಡಸಬ್ಯಾಡ್ರಿ. ಮೊದಲು ಅದನ್ನ ಹೇಳಿಬಿಡ್ತೀನಿ, ಕಾರಣ ಆಮ್ಯಾಲ.

ಬಳ್ಳಾರ್ಯಾಗ ಹೊಸಪೇಟೆ ರೋಡ್ ಕಡೆ ನನ್ನ ಶೆಡ್ ಐತಿ. ಮೊದಲು ಸಂಡೂರು ಕಡೆ ಅದಿರು ಹೊಡಿಯೋ ಟಿಪ್ಪರ್ ಕೆಲಸಾನ ಜಾಸ್ತಿ ಇತ್ತು. 2011ರಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮ್ಯಾಲ ಲಾರಿಗೋಳು ನಿಂತವು, ನಾನು ಕಾರಿನ ಕಡೆ ಬಂದೆ. ಎರಡೂ ಕೈಯಾಗ ಹಾದು ಹೋಗ್ಯಾವ, ಅದಕ್ಕ ಧೈರ್ಯಲೆ ಹೇಳ್ತೀನಿ: ಲಾರಿ ಬುದ್ಧಿ ಕಾರಿಗೆ ನಡೆಯಂಗಿಲ್ಲ.

ನಿಮ್ಮ ಬೊಲೆರೊದಾಗ ಎಂಜಿನ್ನು, ಸಸ್ಪೆನ್ಷನ್ನು ಎಲ್ಲಾ ಚಾಸಿಗೆ ಕೂತಾವ. ಬಾಡಿ ಅನ್ನೋದು ರಬ್ಬರ್ ಬುಷ್ ಮ್ಯಾಲ ಬೋಲ್ಟ್ ಹಾಕಿ ಕೂಡಿಸಿದ್ದು. ಅದು ತುಕ್ಕು ತಿಂದ್ರ ಮಳಿ ಒಳಗ ಬರ್ತೈತಿ, ಆದರ ಗಾಡಿ ನೆಟ್ಟಗ ನಿಂತಿರ್ತೈತಿ. ಕಾರಿಗೆ ಆ ತೊಲಿ ಇಲ್ಲ. ಫ್ಲೋರು, ಡೋರ್ ಕೆಳಗಿನ ಸಿಲ್ಲು (ನೀವು ಹೇಳಿದ ಆ ಉದ್ದನ ಪಟ್ಟಿ), ಡೋರಿನ ಪಕ್ಕದ ಕಂಬ ಅಂದ್ರ ಪಿಲ್ಲರು, ರೂಫು, ಎಂಜಿನ್ ಹಿಂದಿನ ಗೋಡೆ, ಇವನ್ನೆಲ್ಲಾ ಸಾವಿರಾರು ಸ್ಪಾಟ್ ವೆಲ್ಡಿನಿಂದ, ಅಂದ್ರ ಚುಕ್ಕಿ ಚುಕ್ಕಿ ಬೆಸುಗಿಯಿಂದ ಹೊಲದು ಒಂದ ಮಾಡಿರ್ತಾರ. ಡಬ್ಬಿ ಅಂದೋರು ಬೈದಿದ್ದು ಖರೆ, ಆದರ ಡಬ್ಬಿ ಆಗಿರೋದಕ್ಕ ಅದು ಭಾರ ಹೊರತೈತಿ. ಮತ್ತ ಅಂಬಾಸಿಡರ್‌ಗೂ ಬ್ಯಾರೆ ಚಾಸಿ ಇರಲಿಲ್ಲಣ್ಣ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿ ಅದು, ಅದರಾಗ ಬಾಡಿ ತಾನ ಚಾಸಿ. 2014ರಾಗ ಬಂದ್ ಆಗೋ ತನಕ ಹಂಗ ಇತ್ತು. ತಗಡು ದಪ್ಪ ಇತ್ತು ಅಷ್ಟ.

ಯಾವ ತಗಡು ಭಾರ ಹೊರತೈತಿ ಅಂತ ತಿಳ್ಕೊಳ್ಳಾಕ ಬೋಲ್ಟ್ ಐತೋ ವೆಲ್ಡ್ ಐತೋ ನೋಡ್ರಿ. ಬಾನೆಟ್ಟು, ಡೋರು, ಡಿಕ್ಕಿ ಬಾಗಿಲು, ಮುಂದಿನ ಮಡ್‌ಗಾರ್ಡು ಬೋಲ್ಟಿನಾವು. ಎಲ್ಲಾ ಬಿಚ್ಚಿ ಒಗದ್ರೂ ಗಾಡಿ ಬಗ್ಗಂಗಿಲ್ಲ. ಹಿಂದಿನ ಮಡ್‌ಗಾರ್ಡ್, ರೂಫ್, ಸಿಲ್ಲು ವೆಲ್ಡಿನಾವು, ಅವು ದುಡಿಯೋ ತಗಡು. ಈ ಲೆಕ್ಕ ಎರಡು ಕಡೆ ತಪ್ತೈತಿ: ಎಂಜಿನ್ ಕೆಳಗಿನ ಸಬ್‌ಫ್ರೇಮ್ ಬೋಲ್ಟಿನಾದ್ರೂ ಭಾರ ಹೊರತೈತಿ, ಗಮ್ಮಿನಿಂದ ಅಂಟಿಸಿದ ಮುಂದಿನ ಗ್ಲಾಸ್ ಬಾಡಿ ತಿರುಚದಂಗ ಹಿಡಿತೈತಿ. ಅದಕ್ಕ ಗ್ಲಾಸ್ ಹಾಕಸೋವಾಗ ಕಂಪನಿ ಹೇಳಿದ ಗಮ್ಮ ಬೇಕು, ಸಿಲಿಕಾನ್ ಮೆತ್ತೋರ ಕಡೆ ಹೋಗಬ್ಯಾಡ್ರಿ. ಮಂದಿ ಬಾನೆಟ್ ಮ್ಯಾಲ ಗೀರು ಬಿದ್ರ ರಾತ್ರಿ ನಿದ್ದಿ ಮಾಡಂಗಿಲ್ಲ. ಸಿಲ್ಲು ಕೊಳತು ಹೋದ್ರೂ ಬಗ್ಗಿ ನೋಡಂಗಿಲ್ಲ.

ಈಗ ನಿಮ್ಮ ಡೋರಿನ ವಿಚಾರ. ಡೋರ್ ಇರೋ ಜಾಗ ಅಂದ್ರ ಬಾಡಿಯಾಗ ದೊಡ್ಡ ತೂತು. ಹಿಂದಿನ ಚಕ್ರದಿಂದ ಬಂದ ಭಾರ ಆ ತೂತು ದಾಟಬೇಕಂದ್ರ ಎರಡ ದಾರಿ, ಮ್ಯಾಲ ರೂಫಿನ ಅಂಚು, ಕೆಳಗ ಸಿಲ್ಲು. ಕೆಳಗಿನ ದಾರಿ ಸವೆದ್ರ ಚೌಕ ಓರೆ ಆಕೈತಿ, ಡೋರ್ ಹಂಗ ಇರ್ತೈತಿ, ಅಲ್ಲಿ ಹಿಡಿತೈತಿ. ಅಂದ್ರ ನಿಮ್ಮ ಡೋರ್ ಸರಿ ಐತಿ. ಹಿಂಜ್ ಟೈಟ್ ಮಾಡಿ ರೊಕ್ಕ ಕೇಳೋರು ಸಿಗ್ತಾರ, ಹುಷಾರ್.

ಆಂಗಲ್ ಯಾಕ ಬ್ಯಾಡ? ತುಕ್ಕು ತಿಂದ ತಗಡಿಗೆ 5 ಎಂಎಂ ಕಬ್ಬಿಣ ಸುಟ್ಟು ಅಂಟಿಸಿದ್ರ ವೆಲ್ಡಿಂಗ್ ಅಂಚಿನಾಗ ತಗಡು ಹರಿತೈತಿ. ಒಳಗ ನೀರು ನಿಲ್ಲಾಕ ಹೊಸ ಜಾಗ ಆಕೈತಿ. ಆ್ಯಕ್ಸಿಡೆಂಟಿನಾಗ ಮಡಚಬೇಕಾದ್ದು ಮಡಚಂಗಿಲ್ಲ, ಮಡಚಬಾರದ್ದು ಮಡಚತೈತಿ.

ಲಾರಿಯಾಗೂ ಇದ ತಪ್ಪು ಮಾಡ್ತಾರ. ಟಿಪ್ಪರ್ ಚಾಸಿ ಸಿ ಆಕಾರದ್ದು, ಬೇಕಂತಲೆ ಬಾಯಿ ತೆರೆದಿಟ್ಟಿರ್ತಾರ. ಗಣಿ ದಾರ್ಯಾಗ ಒಂದು ಗಾಲಿ ಗುಂಡಿಗೆ, ಇನ್ನೊಂದು ದಿಬ್ಬಕ್ಕ ಏರಿದಾಗ ಅದು ತಿರುಚಬೇಕು. ತಿರುಚದಿದ್ರ ಗಾಲಿ ನೆಲ ಬಿಟ್ಟು ಏಳ್ತೈತಿ. ಓವರ್‌ಲೋಡ್ ಹೊಡಿಯೋ ಮಾಲಕ್ರು ಪಕ್ಕಕ್ಕ ಪ್ಲೇಟ್ ಹಾಕಿ ಮುಚ್ಚಿ ಗಟ್ಟಿ ಮಾಡ್ಸಿದ್ರ, ಪ್ಲೇಟ್ ಮುಗಿಯೋ ಜಾಗದಾಗ ಕ್ರ್ಯಾಕ್ ಬರ್ತೈತಿ. ಪ್ಲೇಟ್ ಹಾಕಲೇಬೇಕಂದ್ರ ತುದಿ ಓರೆ ಕೊಯ್ದು ಹಾಕಬೇಕು. ತೂತು ಕೊರಿಯೋದಿದ್ರ ನಿಂತ ಗೋಡ್ಯಾಗ, ಮ್ಯಾಲ ಕೆಳಗಿನ ಅಂಚಿನಾಗ ಎಂದೂ ಅಲ್ಲ, ಬಗ್ಗೋ ಭಾರ ಎಲ್ಲಾ ಆ ಅಂಚಿನ ಮ್ಯಾಲ ಇರ್ತೈತಿ. ಲಾರಿ ತಿರುಚಬೇಕು, ಕಾರು ತಿರುಚಬಾರದು, ಇಷ್ಟ ಫರಕು.

ನಿಮ್ಮ ಸಿಲ್ಲಿನಾಗ ಕೆಳಗ ಸಣ್ಣ ಸಣ್ಣ ನೀರು ಹೋಗೋ ತೂತು ಇರ್ತಾವ. ಗದ್ದಿ ಕೆಸರಿನಾಗ ಓಡಾಡೋ ಗಾಡ್ಯಲ್ಲ, ಮುಚ್ಚಿರಬೇಕು ಅಂತ ನನಗ ಅನಸ್ತೈತಿ. ಸ್ಕ್ರೂಡ್ರೈವರ್ ತಗೊಂಡು ಉಬ್ಬಿದ ಜಾಗ ಒತ್ತಿ ನೋಡಿ ಹೇಳ್ರಿ. ಮ್ಯಾಗ್ನೆಟ್ ಇದ್ರ ಅದನ್ನೂ ಓಡಿಸ್ರಿ, ಅಂಟದ ಜಾಗದಾಗ ಮೊದಲಿನ ಮಾಲಕ ಪುಟ್ಟಿ ತುಂಬ್ಯಾನ ಅಂತ ಅರ್ಥ.

ರಾಯಚೂರು ಮೇಷ್ಟ್ರು:

ಟಿಂಕರ್ ಅಣ್ಣನವರು ಹೇಳಿದ್ದು ಸರಿ. ಒಂದು ಲೆಕ್ಕ ಸೇರಿಸುತ್ತೇನೆ. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವನು, ಲೆಕ್ಕ ಬಿಟ್ಟರೆ ಊಟ ಸೇರುವುದಿಲ್ಲ.

1 ಎಂಎಂ ತಗಡನ್ನು 100ಕ್ಕೆ 120 ಎಂಎಂ ಅಳತೆಯ ಮುಚ್ಚಿದ ಪೆಟ್ಟಿಗೆಯಾಗಿ ಮಡಚಿದರೆ ಮೀಟರಿಗೆ ಸುಮಾರು ಮೂರೂವರೆ ಕಿಲೋ ತೂಗುತ್ತದೆ. 50ಕ್ಕೆ 50ರ 5 ಎಂಎಂ ಆಂಗಲ್ ಮೀಟರಿಗೆ 3.8 ಕಿಲೋ. ಅಂದರೆ ಕಬ್ಬಿಣ ಹೆಚ್ಚುಕಡಿಮೆ ಅಷ್ಟೇ. ಆದರೆ ತಿರುಚುವುದನ್ನು ತಡೆಯುವ ಶಕ್ತಿ ಆ ಪೆಟ್ಟಿಗೆಗೆ ಆಂಗಲ್‌ಗಿಂತ 300 ಪಟ್ಟಿಗೂ ಹೆಚ್ಚು. ಕಾರಣ ದಪ್ಪವಲ್ಲ, ಸುತ್ತು ಮುಚ್ಚಿರುವುದು. ನಂಬಿಕೆ ಬರದಿದ್ದರೆ ಹೊಲದಲ್ಲಿ ಬಿದ್ದಿರುವ ಪಿವಿಸಿ ಪೈಪಿನ ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಆಮೇಲೆ ಅದನ್ನೇ ಉದ್ದಕ್ಕೆ ಒಂದು ಕಡೆ ಸೀಳಿ ತಿರುಚಿ. ಸಿಲ್ಲಿನ ಜೋಡಣೆಯ ಸಾಲು ತುಕ್ಕು ತಿಂದು ಬಾಯಿ ಬಿಟ್ಟರೂ ಆಗುವುದು ಅದೇ. ತಗಡು ಮುಕ್ಕಾಲು ಪಾಲು ಉಳಿದಿದ್ದರೂ ಕೆಲಸಕ್ಕೆ ಬರುವುದಿಲ್ಲ.

ಇದು ಹೊಸ ವಿದ್ಯೆಯೂ ಅಲ್ಲ. ಇಟಲಿಯ ಲಾನ್ಸಿಯಾ ಲಾಂಬ್ಡಾ 1922ರಲ್ಲೇ ಚಾಸಿ ಬಿಟ್ಟು ಬಾಡಿಯ ಮೇಲೆ ಭಾರ ಹಾಕಿತ್ತು, 1934ರಲ್ಲಿ ಸಿಟ್ರನ್ ಟ್ರಾಕ್ಷನ್ ಅವಾಂ ಅದನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಕಾರಿಗೆ ತಂದಿತು.

ಗಂಗಾವತಿ ಭತ್ತ:

ಸ್ಕ್ರೂಡ್ರೈವರ್ ಒತ್ತಿದೆ. ನಡುವಿನ ಪಿಲ್ಲರ್ ಬುಡದ ಹಿಂದೆ ಸೀದಾ ಒಳಗೆ ಹೋಯಿತು. ತೂತುಗಳಲ್ಲಿ ಒಣಗಿದ ಕೆಸರು, ಅದರಲ್ಲಿ ಭತ್ತದ ಹೊಟ್ಟು ಕೂಡ! ಮುಂದಿನ ಭಾಗ ಗಟ್ಟಿ ಇದೆ. ಮೇಷ್ಟ್ರೇ, ಪೈಪ್ ಸೀಳಿ ನೋಡಿದೆ, ಅಪ್ಪನೂ ತಿರುಚಿ ನೋಡಿ ನಕ್ಕರು. ಈಗ ಏನು ಮಾಡಿಸಲಿ? ಇಲ್ಲೇ ಆಗುತ್ತದೆಯಾ?

ಬಳ್ಳಾರಿ ಟಿಂಕರ್:

ಅಲ್ಲೇ ಮಾಡಿಸ್ರಿ, ಆದರ ಕಾರಿನ ಬಾಡಿ ಕೆಲಸ ಗೊತ್ತಿರೋರ ಕಡೆ. ಅವರಿಗೆ ಇಷ್ಟು ಕೇಳ್ರಿ. ಸಿಲ್ಲು ಒಂದು ತಗಡಲ್ಲ, ಒಳಗಿಂದು, ಹೊರಗಿಂದು, ಭಾಳ ಗಾಡ್ಯಾಗ ನಡುವ ಇನ್ನೊಂದು. ಹೊರಗಿಂದು ಅಷ್ಟ ಬದಲಿ ಮಾಡ್ತೀನಿ ಅಂದ್ರ ಎದ್ದು ಬರ್ರಿ. ಗಟ್ಟಿ ತಗಡು ಸಿಗೋ ತನಕ ಕೊಯ್ದು, ಒಳಗಿನ ತಗಡು ಮೊದಲು ಕಟ್ಟಿ, ಆಮ್ಯಾಲ ಹೊರಗಿಂದು ಮುಚ್ಚಬೇಕು. ಕಂಪನಿ ಸ್ಪಾಟ್ ಇದ್ದಲ್ಲಿ ತೂತು ಕೊರದು ಸಿಓಟು ವೆಲ್ಡಿಂಗ್‌ಲೆ (ತಂತಿ ಕರಗಿಸಿ ಬೆಸಿಯೋದು) ತುಂಬಬೇಕು. ಗ್ಯಾಸ್ ಬೆಂಕಿ ವೆಲ್ಡಿಂಗ್ ಬ್ಯಾಡ. ಪಿಲ್ಲರ್ ಒಳಗ ಗಟ್ಟಿ ಸ್ಟೀಲ್ ಹಾಕಿರ್ತಾರ, ಕೆಂಪಗ ಕಾಸಿದ್ರ ಅದರ ಸತ್ವ ಹೋಗ್ತೈತಿ.

ಕೊಯ್ಯೋಕಿಂತ ಮೊದಲು ಗಾಡಿ ಸಮಾ ನಿಂತಿರಬೇಕು. ಡೋರಿನ ಚೌಕದಾಗ ಮೂಲಿಯಿಂದ ಮೂಲಿಗೆ ಪೈಪ್ ಕಟ್ಟಿ, ಸಂದು ಅಳದು ಬರಕೊಂಡಿರಬೇಕು. ಇಲ್ಲಂದ್ರ ಬಗ್ಗಿದ್ದನ್ನ ಬಗ್ಗಿದಂಗ ಬೆಸಿತಾರ, ಆಮ್ಯಾಲ ಡೋರ್ ಜನ್ಮದಾಗ ಕೂಡಂಗಿಲ್ಲ. ಬ್ಯಾಟರಿ ಬಿಚ್ಚಸ್ರಿ, ಸೀಟು, ಕಾರ್ಪೆಟ್ ತೆಗಸ್ರಿ. ಪೆಟ್ರೋಲ್ ಪೈಪು ಫ್ಲೋರ್ ಕೆಳಗ ಹಾದು ಹೋಗಿರ್ತೈತಿ, ಎಲ್ಲೈತಿ ಅಂತ ನೀವು ನಿಂತು ತೋರಿಸ್ರಿ. ಸೀಟ್ ಬೆಲ್ಟಿನ ಬೋಲ್ಟ್ ಆ ನಡುವಿನ ಪಿಲ್ಲರ್ ಬುಡದಾಗ ಇರ್ತೈತಿ, ಅದರ ಸುತ್ತಲಿನ ತಗಡು ನಿಮ್ಮ ಕಣ್ಣಿಲೆ ನೋಡ್ಕೊಳ್ರಿ. ಎಲ್ಲಾ ಮುಗಿದ ಮ್ಯಾಲ ಒಳಗ ತುಕ್ಕು ತಡಿಯೋ ವ್ಯಾಕ್ಸ್ ಹೊಡಸಿ, ನೀರಿನ ತೂತು ಬಿಟ್ಟಾರೋ ಇಲ್ಲೋ ನೋಡ್ರಿ. ಚಂದ ಕಾಣಲಿ ಅಂತ ಅವನ್ನೂ ಮುಚ್ಚೋರು ಅದಾರ.

ಅಲ್ಲಿ ಯಾರೂ ಸಿಗದಿದ್ರ ನನ್ನ ಕಡೆ ತರ್ರಿ. ಒಬ್ಬರ ಕೂತು, ಸಾಮಾನು ಹಾಕದ, ನಿಧಾನಕ ಕಂಪ್ಲಿ, ಕುರುಗೋಡು ಮ್ಯಾಲ ಬರ್ರಿ. ಡ್ಯಾಂ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ್ರ ನೀರು ಇಳಿಯೋ ತನಕ ತಡೀರಿ. ಅಲ್ಲಿ ತನಕ ಆ ಕಡೆ ಜಾಕ್ ಕೊಡಬ್ಯಾಡ್ರಿ.