ಪದಚರ್ಚೆ: ‘ಚಲನೆ ಪತ್ತೆ’ ಬೇಕೋ, ‘ಅಲುಗಾಟ’ ಸಾಕೋ?

ಬಳಗದ ಎಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರ ನನ್ನ ಅಕ್ಕನ ಮನೆ. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ. ಕಳವಿನ ಭಯ ಇದ್ದೇ ಇದೆ. ಹೋದ ವರ್ಷ ಭಾವ ನಾಲ್ಕು ಐಪಿ ಕ್ಯಾಮೆರಾ, ಅಂದರೆ ಮನೆಯ ನೆಟ್‌ವರ್ಕಿಗೆ ಸೇರುವ ಕ್ಯಾಮೆರಾ, ತರಿಸಿದರು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಕ್ಯಾಮೆರಾ ಚಿತ್ರವನ್ನು ಕಾಯ್ದು ರೆಕಾರ್ಡ್ ಮಾಡುವ ಝೋನ್‌ಮೈಂಡರ್ ಅನ್ನುವ ಮುಕ್ತ ತಂತ್ರಾಂಶ ಹಾಕಿ, ಕ್ಯಾಮೆರಾಗಳನ್ನು ಅದಕ್ಕೆ ಸೇರಿಸಿಕೊಟ್ಟವಳು ನಾನು. ನಾನಿರುವುದು ಬೆಂಗಳೂರಿನಲ್ಲಿ. ಏನಾದರೂ ಕೆಟ್ಟರೆ ಅವರೇ ಸರಿ ಮಾಡಿಕೊಳ್ಳಬೇಕು. ಅದಕ್ಕೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯಲು ಕೂತೆ. ಈಗ ಅಕ್ಕಪಕ್ಕದ ಮೂರು ಮನೆಯವರೂ ಅದನ್ನು ಕೇಳುತ್ತಿದ್ದಾರೆ. ಹಾಗಾಗಿ ಪದಗಳು ಗಟ್ಟಿಯಾಗಿರಬೇಕು. ಕೆಲವು ನನಗೆ ಸಿಕ್ಕಿವೆ. ಒಂದೆರಡು ಸಿಕ್ಕಿಲ್ಲ, ಅದರಲ್ಲೂ ‘ಮೋಷನ್ ಡಿಟೆಕ್ಷನ್’ ಸುತ್ತಲಿನವು. ಅವುಗಳನ್ನು ಕೇಳಲು ಈ ಪತ್ರ.

ಮೊದಲು ಸಿಕ್ಕ ಪದಗಳು. ಝೋನ್‌ಮೈಂಡರ್ ಪ್ರತಿ ಕ್ಯಾಮೆರಾವನ್ನೂ ‘ಮಾನಿಟರ್’ ಅನ್ನುತ್ತದೆ. ನಮ್ಮಲ್ಲಿ ಮಾನಿಟರ್ ಅಂದರೆ ಕಂಪ್ಯೂಟರಿನ ಪರದೆ, ಇಲ್ಲಾ ತರಗತಿಯಲ್ಲಿ ಗಲಾಟೆ ಮಾಡಿದವರ ಹೆಸರು ಬರೆಯುವ ಹುಡುಗ. ‘ಹೊಸ ಮಾನಿಟರ್ ಸೇರಿಸಿ’ ಅಂತ ಬರೆದರೆ ಅಕ್ಕ ಪೇಟೆಯಿಂದ ಇನ್ನೊಂದು ಪರದೆ ತರಿಸುತ್ತಾಳೆ. ಅದಕ್ಕೆ ‘ಹೊಸ ಕ್ಯಾಮೆರಾ ಸೇರಿಸಿ’ ಅಂತಲೇ ಬರೆದೆ.

‘ಸ್ಟಾಟಿಕ್ ಐಪಿ’ಗೆ, ಅಂದರೆ ನೆಟ್‌ವರ್ಕಿನಲ್ಲಿ ಕ್ಯಾಮೆರಾಕ್ಕಿರುವ ಬದಲಾಗದ ವಿಳಾಸಕ್ಕೆ, ಸಿಕ್ಕ ಪದ ನನಗೆ ಬಹಳ ಇಷ್ಟವಾಯಿತು. ಮಲೆನಾಡಿನಲ್ಲಿ ಮಳೆ ಬಂತೆಂದರೆ ಕರೆಂಟ್ ಹೋಗುತ್ತದೆ. ಕರೆಂಟ್ ಬಂದಾಗ ರೌಟರ್ ಹೊಸದಾಗಿ ವಿಳಾಸ ಹಂಚುತ್ತದೆ. ನಿನ್ನೆ 192.168.1.64 ಇದ್ದ ಕ್ಯಾಮೆರಾಕ್ಕೆ ಇವತ್ತು ಕೊನೆಯಲ್ಲಿ 71 ಬಂದಿರಬಹುದು. ತಂತ್ರಾಂಶ ಮಾತ್ರ 64ರ ಬಾಗಿಲನ್ನೇ ಬಡಿಯುತ್ತಿರುತ್ತದೆ. ಪರದೆ ಕಪ್ಪು. ‘ಸ್ಥಿರ ಐಪಿ ವಿಳಾಸ ನಿಗದಿಪಡಿಸಿ’ ಅಂತ ಮೊದಲು ಬರೆದಿದ್ದೆ. ಭಾವನಿಗೆ ಅರ್ಥವಾಗಲಿಲ್ಲ. ‘ಕಾಯಂ ವಿಳಾಸ ಕೊಡಿ’ ಅಂದೆ, ತಕ್ಷಣ ಹಿಡಿದುಬಿಟ್ಟರು. ರೇಷನ್ ಕಾರ್ಡಿನಿಂದ ಬ್ಯಾಂಕಿನ ಅರ್ಜಿಯವರೆಗೆ ಎಲ್ಲ ಕಡೆ ತುಂಬುತ್ತೇವಲ್ಲ, ಅದೇ ಕಾಯಂ ವಿಳಾಸ. ಅಂಥ ಪದ ಮನೆಯಲ್ಲೇ ಇದ್ದಾಗ ಹೊಸದು ಯಾಕೆ ಬೇಕು?

‘ಡಿಫಾಲ್ಟ್ ಪಾಸ್‌ವರ್ಡ್’ ಇನ್ನೊಂದು. ಕೆಲವು ಅನುವಾದಗಳಲ್ಲಿ ಇದಕ್ಕೆ ‘ಪೂರ್ವನಿಯೋಜಿತ’ ಅನ್ನುತ್ತಾರೆ. ಪತ್ರಿಕೆಯಲ್ಲಿ ಆ ಪದ ಬರುವುದು ‘ಪೂರ್ವನಿಯೋಜಿತ ಕೃತ್ಯ’ ಅಂತ. ಕಳ್ಳರ ಭಯಕ್ಕೆ ಕ್ಯಾಮೆರಾ ಹಾಕಿಸಿದ ಮನೆಯ ಕೈಪಿಡಿಯಲ್ಲಿ ಅದು ಬೇಡವೆನಿಸಿತು. ‘ಕ್ಯಾಮೆರಾ ಜೊತೆ ಬಂದ ಪಾಸ್‌ವರ್ಡ್’ ಅಂತ ಬರೆದೆ. ಉದ್ದವಾಯಿತು, ಆದರೆ ಅದನ್ನು ಬದಲಿಸಲೇಬೇಕು ಅನ್ನುವುದು ಆ ಮಾತಿನಲ್ಲೇ ಇದೆ. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳ ಒಳಗೆ ಹೊಕ್ಕಿದ್ದು ಬದಲಿಸದೇ ಬಿಟ್ಟ ಇಂಥ ಪಾಸ್‌ವರ್ಡುಗಳಿಂದಲೇ.

‘ಕಾನ್ಫಿಗರ್’ಗೆ ತಂತ್ರಾಂಶಗಳಲ್ಲಿ ‘ಸಂರಚಿಸು’ ಅಂತ ಇದೆ. ನನಗೆ ಅದು ಕಟ್ಟಡ ಕಟ್ಟಿದ ಹಾಗೆ ಕೇಳುತ್ತದೆ. ಕ್ಯಾಮೆರಾ ಹಾಕುವ ಹುಡುಗರು ಹೇಳುವುದು ‘ಸೆಟ್ ಮಾಡು’, ‘ಆಡ್ ಮಾಡು’, ‘ಕಾನ್ಫಿಗರ್ ಮಾಡು’. ನಾನು ಮೂರು ಕ್ರಿಯೆಗಳನ್ನು ಬೇರೆ ಬೇರೆ ಮಾಡಿಕೊಂಡೆ. ಗೋಡೆಗೆ ‘ಕೂರಿಸು’. ತಂತ್ರಾಂಶಕ್ಕೆ ‘ಸೇರಿಸು’. ಆಮೇಲೆ ‘ಹೊಂದಿಸು’. ಹೊಂದಿಸುವುದರಲ್ಲಿ ಎರಡು ಬದಿ ಇರುತ್ತವೆ, ಒಂದನ್ನು ಇನ್ನೊಂದಕ್ಕೆ ಹೊಂದಿಸಬೇಕು. ಇಲ್ಲಿ ನಡೆಯುವುದೂ ಅದೇ. ಕ್ಯಾಮೆರಾದಲ್ಲಿ ವಿಡಿಯೊವನ್ನು ಬಿಗಿಯಾಗಿ ಕುಗ್ಗಿಸುವ ಎಚ್.265 ವಿಧಾನ ಆರಿಸಿ, ಈ ಬದಿಯಲ್ಲಿ ಅದನ್ನು ಬಿಚ್ಚಲು ಹಳೆಯ ಕಂಪ್ಯೂಟರಿಗೆ ಕಸುವು ಇಲ್ಲದಿದ್ದರೆ ಚಿತ್ರ ತಡೆದು ತಡೆದು ಬರುತ್ತದೆ. ಆಗ ಕ್ಯಾಮೆರಾವನ್ನು ಎಚ್.264ಕ್ಕೆ ಇಳಿಸಬೇಕು. ಬೇರೆ ಬೇರೆ ಕಂಪನಿಗಳ ಕ್ಯಾಮೆರಾ, ತಂತ್ರಾಂಶಗಳು ಒಂದಕ್ಕೊಂದು ಹೊಂದಲೆಂದೇ 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಆನ್‌ವಿಫ್ ಅನ್ನುವ ಒಕ್ಕೂಟ ಶುರು ಮಾಡಿದ್ದು. ‘ಹೊಂದಿಸು’ ಒಳ್ಳೆಯ ಪದ ಅಂತ ನನ್ನ ನಂಬಿಕೆ. ಆದರೆ ಅದರಿಂದ ‘ಸೆಟ್ಟಿಂಗ್ಸ್’ಗೆ ನಾಮಪದ ಮಾಡಲು ಹೋದರೆ ‘ಹೊಂದಿಕೆ’ ಆಗುತ್ತದೆ, ಅದು ಗಂಡ ಹೆಂಡತಿಯ ಹೊಂದಾಣಿಕೆ ಕಡೆ ಎಳೆಯುತ್ತದೆ. ಅಲ್ಲಿ ‘ಸೆಟ್ಟಿಂಗ್’ ಅಂತಲೇ ಬಿಟ್ಟೆ.

‘ಮೇನ್ ಸ್ಟ್ರೀಮ್’, ‘ಸಬ್ ಸ್ಟ್ರೀಮ್’ಗೆ ‘ದೊಡ್ಡ ಹರಿವು’, ‘ಸಣ್ಣ ಹರಿವು’ ಅಂದೆ. ಒಂದೇ ಕ್ಯಾಮೆರಾ ಎರಡು ಚಿತ್ರ ಕಳಿಸುತ್ತದೆ. ದೊಡ್ಡದು ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕಿ (ಪಿಕ್ಸೆಲ್). ಸಣ್ಣದು 640, 360. ಸಣ್ಣದರಲ್ಲಿ ಚುಕ್ಕಿಗಳು ಸರಿಯಾಗಿ 9ರಲ್ಲಿ 1 ಪಾಲು. ಕಾಯುವುದಕ್ಕೆ ಸಣ್ಣ ಹರಿವು ಸಾಕು, ಇಟ್ಟುಕೊಳ್ಳಲು ದೊಡ್ಡದು ಬೇಕು. ತೋಟಕ್ಕೆ ನೀರು ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ನನ್ನನ್ನು ಕಾಡುತ್ತಿರುವ ಪದ.

‘ಮೋಷನ್ ಡಿಟೆಕ್ಷನ್’ಗೆ ಮೊದಲು ‘ಚಲನೆ ಪತ್ತೆ’ ಅಂತ ಬರೆದಿದ್ದೆ. ಎಲ್ಲರೂ ಹಾಗೇ ಬರೆಯುತ್ತಾರೆ. ಭಾವ ಓದಿ, ‘ಚಲನೆ ಪತ್ತೆಯಾದಾಗ ಸಂದೇಶ ಕಳಿಸು’ ಅನ್ನುವುದನ್ನು ಹಾಕಿ ಮಲಗಿದರು. ಬೆಳಗಾಗುವಷ್ಟರಲ್ಲಿ ಫೋನಿನ ತುಂಬ ಸಂದೇಶ. ಅಷ್ಟನ್ನೂ ಕೂತು ನೋಡಿದರು. ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾ ಬೀರುವ ಬೆಳಕಿಗೆ ಮುತ್ತಿದ ಹುಳಗಳು, ಗಾಜಿನ ಮುಂದೆ ಬಲೆ ಕಟ್ಟಿದ ಜೇಡ, ಗಾಳಿಗೆ ತೂಗುವ ಅಡಿಕೆ ಮರದ ನೆರಳು. ನನಗೆ ಫೋನ್ ಮಾಡಿ ಹೇಳಿದರು: “ಯಾರೂ ಬಂದಿಲ್ಲ ಮಾರಾಯ್ತಿ. ಬರೀ ಅಲುಗಾಡಿದ್ದು.”

ಆ ಮಾತು ನನ್ನನ್ನು ನಿಲ್ಲಿಸಿತು. ತಂತ್ರಾಂಶ ನಿಜವಾಗಿ ನೋಡುವುದೂ ಅಷ್ಟನ್ನೇ. ಈಗಿನ ಚಿತ್ರವನ್ನು ಹಿಂದಿನ ಚಿತ್ರದ ಜೊತೆ ಇಟ್ಟು ನೋಡುತ್ತದೆ. ಎಷ್ಟು ಚುಕ್ಕಿಗಳು ಬದಲಾದವು ಅಂತ ಎಣಿಸುತ್ತದೆ. ಗೊತ್ತು ಮಾಡಿದ ಮಿತಿ ದಾಟಿದರೆ ಎಚ್ಚರಿಸುತ್ತದೆ. ಕಳ್ಳನೋ, ಕೊಂಬೆಯೋ ಅದಕ್ಕೆ ಗೊತ್ತಿಲ್ಲ. ‘ಪತ್ತೆ’ ಅಂದಕೂಡಲೇ ನಾವು ಪೊಲೀಸರನ್ನು ನೆನೆಯುತ್ತೇವೆ. ಅಡಗಿದ್ದನ್ನು ಹುಡುಕಿ ತೆಗೆದರೆ ಪತ್ತೆ. ‘ಚಲನೆ ಪತ್ತೆ’ ಅನ್ನುವ ಹೆಸರು ತಂತ್ರಾಂಶದ ಶಕ್ತಿಗಿಂತ ದೊಡ್ಡ ಮಾತು ಕೊಡುತ್ತದೆ. ಓದಿದವರು ಅದನ್ನು ನಂಬಿ ಮಲಗುತ್ತಾರೆ.

ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಪದಗಳಿವೆ ನೋಡಿ. ಎಲೆ, ಕೊಂಬೆ, ಬಾಗಿಲ ಪರದೆ ‘ಅಲುಗುತ್ತವೆ’. ನಿದ್ದೆಯಲ್ಲಿರುವ ಮಗು ‘ಮಿಸುಕುತ್ತದೆ’. ಅಪರಿಚಿತರು, ಚಿರತೆ ‘ಸುಳಿದಾಡುತ್ತಾರೆ’, ‘ಸುಳಿದಾಡುತ್ತದೆ’. ಮನೆಮಂದಿ ‘ಓಡಾಡುತ್ತಾರೆ’. ‘ಅಲುಗಾಟ’ದಲ್ಲಿ ಇದ್ದ ಜಾಗದಲ್ಲೇ ಆಡುವ ಭಾವವಿದೆ. ‘ಸುಳಿದಾಟ’ದಲ್ಲಿ ಬಂದು ಹೋಗುವವನಿದ್ದಾನೆ, ಜೊತೆಗೆ ಒಂದಿಷ್ಟು ಅನುಮಾನವೂ ಇದೆ. ‘ಸುಳಿವು’ ಅನ್ನುವ ಪದ ಪಕ್ಕದಲ್ಲೇ ಕೂತಿದೆ. ‘ಓಡಾಟ’ದಲ್ಲಿ ಅನುಮಾನವಿಲ್ಲ.

ಹಾಗಾಗಿ ನಾನು ಹೀಗೆ ಮಾಡಿದ್ದೇನೆ. ಬರೀ ಚುಕ್ಕಿ ಎಣಿಸುವ ಕೆಲಸಕ್ಕೆ ‘ಅಲುಗಾಟ’. ಈಗಿನ ಕೆಲವು ಕ್ಯಾಮೆರಾಗಳು ಮನುಷ್ಯರ ಆಕಾರವನ್ನು ಗುರುತಿಸುತ್ತವಲ್ಲ, ಅದಕ್ಕೆ ‘ಜನ ಕಂಡರೆ’. ಮೊದಲು ‘ಆಳು ಕಂಡರೆ’ ಅಂತ ಬರೆದು ಹೊಡೆದುಹಾಕಿದೆ. ನಮ್ಮ ಕಡೆ ಆಳು ಅಂದರೆ ಕೆಲಸಕ್ಕೆ ಬರುವವರು.

ಇನ್ನೊಂದು ಸಂಗತಿ. ‘ಪತ್ತೆ’, ‘ಗುರುತಿಸುವಿಕೆ’ ಅಂತ ನಾಮಪದ ಕಟ್ಟಲು ಹೊರಟಾಗಲೇ ನಾವು ತೊಡರುವುದು. ಕನ್ನಡಕ್ಕೆ ‘-ದರೆ’, ‘-ದಾಗ’ ಇವೆ. ಝೋನ್‌ಮೈಂಡರಿನ 1.36ನೇ ಆವೃತ್ತಿಯಲ್ಲಿ ‘ಮೋಡೆಕ್ಟ್’, ‘ಮೋಕಾರ್ಡ್’ ಅನ್ನುವ ಎರಡು ಆಯ್ಕೆಗಳಿವೆ. ಎರಡೆರಡು ಪದ ಕತ್ತರಿಸಿ ಅಂಟಿಸಿದ ಹೆಸರುಗಳು. ಅವಕ್ಕೆ ‘ಅಲುಗಿದಾಗ ಮಾತ್ರ ರೆಕಾರ್ಡ್’, ‘ಸದಾ ರೆಕಾರ್ಡ್, ಅಲುಗಿದಲ್ಲಿ ಗುರುತು’ ಅಂತ ಬರೆದೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೇ ಹೋದರೆ ನಷ್ಟವಿದೆ. ಸೆಕೆಂಡಿಗೆ 2 ಮೆಗಾಬಿಟ್ ಹರಿವಾದರೆ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬಿಸುತ್ತದೆ. ನಾಲ್ಕು ಕ್ಯಾಮೆರಾ ಸದಾ ರೆಕಾರ್ಡ್ ಮಾಡಿದರೆ 1 ಟಿಬಿ ಡಿಸ್ಕ್ 12 ದಿನವೂ ಬರುವುದಿಲ್ಲ.

‘ಸೆನ್ಸಿಟಿವಿಟಿ’ಗೆ ‘ಸೂಕ್ಷ್ಮ’ ಅಂತಿಟ್ಟು, ಅದರ ಮುಂದೆ ‘ಹದ ನೋಡಿ’ ಅಂತ ಸೇರಿಸಿದೆ. ಸೂಕ್ಷ್ಮವನ್ನು ಜಾಸ್ತಿ, ಕಡಿಮೆ ಮಾಡಬಹುದು. ಹದ ಜಾಸ್ತಿ, ಕಡಿಮೆ ಆಗುವುದಿಲ್ಲ, ಅದು ಬರಬೇಕು. ಅಡಿಕೆ ಬೇಯಿಸುವವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಇನ್ನು ‘ಝೋನ್’, ಅಂದರೆ ಅಲುಗಾಟವನ್ನು ಎಲ್ಲಿ ನೋಡಬೇಕು, ಎಲ್ಲಿ ಬಿಡಬೇಕು ಅಂತ ಚಿತ್ರದ ಮೇಲೆ ಗುರುತು ಮಾಡುವ ಭಾಗ. ‘ವಲಯ’ ಅಂದರೆ ನಮ್ಮೂರಿನವರಿಗೆ ವಲಯ ಅರಣ್ಯಾಧಿಕಾರಿ ನೆನಪಾಗುತ್ತಾರೆ. ಸುಮ್ನೆ ‘ಜಾಗ’ ಅಂದೆ. ನೋಡುವ ಜಾಗ, ಬಿಡುವ ಜಾಗ. ಚಿತ್ರದಲ್ಲಿ ಕಪ್ಪಾಗಿ ಮುಚ್ಚಿಬಿಡುವ ‘ಪ್ರೈವಸಿ ಝೋನ್’ಗೆ ‘ಮರೆ’. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟ ಮೇಲೆ ‘ಖಾಸಗಿತನ’ ಎಲ್ಲರ ಬಾಯಿಗೆ ಬಂತು. ಆ ಅರ್ಜಿ ಹಾಕಿದ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಹಕ್ಕಿನ ಮಾತಿಗೆ ‘ಖಾಸಗಿತನ’ವೇ ಸರಿ. ಆದರೆ ಪಕ್ಕದ ಮನೆಯ ಬಚ್ಚಲ ಕಡೆ ಕ್ಯಾಮೆರಾ ತಿರುಗಿದ್ದಾಗ ಮಾಡಬೇಕಾದ ಕೆಲಸಕ್ಕೆ ‘ಮರೆ ಮಾಡಿ’ಗಿಂತ ಚೆನ್ನಾದ ಮಾತು ನನಗೆ ಹೊಳೆಯಲಿಲ್ಲ.

ಇದರ ಜೊತೆಗೇ ಒಂದು ಘಟನೆ ಹೇಳಬೇಕು. ಕೈಪಿಡಿಯ ಹೆಸರು ‘ಮನೆಯ ಕಣ್ಗಾವಲು’ ಅಂತಿತ್ತು. ಅಡಿಕೆ ಸುಲಿಯಲು ಬರುವ ಹೆಂಗಸರಲ್ಲಿ ಒಬ್ಬರು ಅಕ್ಕನನ್ನು ಕೇಳಿದರು: “ಅಮ್ಮಾ, ಇದು ನಮ್ಮ ಮೇಲೆ ಕಣ್ಣಿಡೋಕಾ?” ಅಕ್ಕನಿಗೆ ಬಹಳ ಬೇಸರವಾಯಿತು. ನನಗೂ ಆಯಿತು. ಆಮೇಲೆ ಯೋಚಿಸಿದೆ. ಕಣ್ + ಕಾವಲು, ಬೆನ್ + ಕಾವಲು ಬೆಂಗಾವಲು ಆದ ಹಾಗೆ. ಪದ ಚೆನ್ನಾಗಿದೆ. ಆದರೆ ಬಳಕೆಯಲ್ಲಿ ಅದು ‘ಮೇಲೆ’ಯನ್ನು ಕೇಳುತ್ತದೆ. ಯಾರ ಮೇಲೋ ಕಣ್ಗಾವಲು, ಯಾರ ಮೇಲೋ ನಿಗಾ. ಬರೀ ‘ಕಾವಲು’ ಹಾಗಲ್ಲ, ಅದು ‘-ಕ್ಕೆ’ಯನ್ನು ಕೇಳುತ್ತದೆ. ತೋಟಕ್ಕೆ ಕಾವಲು, ಅಂಗಳಕ್ಕೆ ಕಾವಲು. ಹೆಸರನ್ನು ‘ಅಂಗಳಕ್ಕೆ ಕಾವಲು’ ಅಂತ ಬದಲಿಸಿದೆ. ಹೆಸರೊಂದನ್ನೇ ಬದಲಿಸಿದರೆ ಮೋಸವಾಗುತ್ತದೆ. ಅವರು ಕೂತು ಸುಲಿಯುವ ಮೂಲೆಗೆ ಮರೆ ಹಾಕಿದೆವು, ಪರದೆಯಲ್ಲಿ ಅದನ್ನು ಅವರಿಗೆ ತೋರಿಸಿದೆವು.

ನನ್ನ ಪ್ರಶ್ನೆಗಳು ಎರಡು.

ಒಂದು: ಬೆಳಕು ಬದಲಾದರೂ ತಂತ್ರಾಂಶ ಎಚ್ಚರಿಸುತ್ತದೆ. ಸಂಜೆ ಬಣ್ಣದ ಚಿತ್ರ ಕಪ್ಪು ಬಿಳುಪಿಗೆ ತಿರುಗಿದ ಗಳಿಗೆಯಲ್ಲಿ ಎಲ್ಲ ಚುಕ್ಕಿಗಳೂ ಬದಲಾಗುತ್ತವೆ. ಅಲ್ಲಿ ಏನೂ ಅಲುಗಿಲ್ಲ. ‘ಅಲುಗಾಟ’ದಲ್ಲಿ ಬೆಳಕು, ನೆರಳು ಸೇರುತ್ತವೆಯೇ? ‘ನೆರಳಾಡಿದ ಹಾಗಾಯಿತು’ ಅಂತ ನಾವು ಅನ್ನುತ್ತೇವೆ, ಆದರೆ ‘ನೆರಳಾಟ’ ಅಂದರೆ ಮಕ್ಕಳ ಆಟವಾಗುತ್ತದೆ. ಕರಾವಳಿಯಲ್ಲಿ, ಕಲಬುರಗಿ ಕಡೆ, ಮೈಸೂರು ಕಡೆ ಇಂಥದ್ದಕ್ಕೆ ಏನಾದರೂ ಪದ ಇದೆಯೇ?

ಎರಡು: ‘ಪ್ರಿಕ್ಲೂಸಿವ್ ಝೋನ್’. ಯಾರೂ ಮುಟ್ಟಲಾಗದ ಎತ್ತರದ ಗೋಡೆಯ ಮೇಲೆ ಒಂದು ಚೌಕ ಗುರುತು ಮಾಡುತ್ತೇವೆ. ಆ ಚೌಕವೂ ಬದಲಾದರೆ ಬಂದದ್ದು ಬೆಳಕೇ ಹೊರತು ಮನುಷ್ಯ ಅಲ್ಲ ಅಂತ ತಂತ್ರಾಂಶ ಸುಮ್ಮನಿರುತ್ತದೆ. ‘ತಡೆಯುವ ಜಾಗ’ ಅಂದರೆ ಅಲ್ಲಿ ಬೇಲಿ ಇದೆ ಅಂದುಕೊಳ್ಳುತ್ತಾರೆ. ‘ಸಾಕ್ಷಿ ಜಾಗ’ ಅಂದರೆ ಹೇಗೆ? ಗೋಡೆ ಸಾಕ್ಷಿ ಹೇಳುತ್ತದೆ ಅನ್ನುವ ಅರ್ಥದಲ್ಲಿ. ಭಾವ ಒಪ್ಪಿದ್ದಾರೆ, ಅಕ್ಕ ಒಪ್ಪಿಲ್ಲ. ಸಾಕ್ಷಿ ಅಂದರೆ ಕೋರ್ಟು ಕಚೇರಿ ನೆನಪಾಗುತ್ತದೆ ಅನ್ನುತ್ತಾಳೆ.

ದೀಪಾವಳಿಯ ಒಳಗೆ ಪ್ರತಿಗಳನ್ನು ತೆಗೆಸಿ ನಾಲ್ಕೂ ಮನೆಗೆ ಕೊಡಬೇಕು. ಕೊಯ್ಲು ಶುರುವಾದರೆ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ.