ಪರ್ಷಿಯನ್ ವಾಕ್ಯದಲ್ಲಿ ‘ರಾ’ ಎಲ್ಲಿ ಬರಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಬೀದರಿನ ಬಹಮನಿ ಕಾಲದ ಪರ್ಷಿಯನ್ ಶಾಸನಗಳನ್ನು ಮೂಲದಲ್ಲೇ ಓದುವ ಆಸೆಯಿಂದ ನಾಲ್ಕು ತಿಂಗಳಿಂದ ಈ ಭಾಷೆ ಕಲಿಯುತ್ತಿದ್ದೇನೆ. ಬಜಾರು, ಜಮೀನು, ಗುಮಾಸ್ತ ಎಲ್ಲವೂ ಕನ್ನಡದಲ್ಲೇ ಇರುವುದರಿಂದ ಪದಗಳು ಬೇಗ ಹಿಡಿದವು. ವಾಕ್ಯ ಕಟ್ಟುವಾಗ ಮಾತ್ರ ಎಡವುತ್ತೇನೆ. ‘ನನ್ನ ತಂದೆಯ ದೊಡ್ಡ ಮನೆಯನ್ನು ನೋಡಿದೆ’ ಎನ್ನಲು ‘ಖಾನೆ ರಾ ಬೊಜೊರ್ಗ್ ಪೆದರ್ ಮನ್ ದೀದಮ್’ ಎಂದು ಬರೆದೆ. ತಪ್ಪು ಎಲ್ಲಿದೆ?

ಉತ್ತರ: ಕ್ರಿಯಾಪದವನ್ನು ಕೊನೆಗೆ ಇಟ್ಟಿದ್ದೀರಿ, ಅದು ಸರಿ. ‘ದೀದಮ್’ನ ಕೊನೆಯ ‘ಅಮ್’ ನೋಡಿದವರು ‘ನಾನು’ ಎಂದು ಹೇಳಿಬಿಡುತ್ತದೆ, ನಮ್ಮ ‘ನೋಡಿದೆನು’ವಿನ ‘ಎನು’ ಹೇಳುವ ಹಾಗೆ. ಆದ್ದರಿಂದ ಕರ್ತೃಪದ ಬಿಟ್ಟರೂ ಅರ್ಥ ಕೆಡುವುದಿಲ್ಲ.

ತೊಡಕಿರುವುದು ನಾಮಪದಗಳ ಸಾಲಿನಲ್ಲಿ. ಅಲ್ಲಿ ಕನ್ನಡದ ಕ್ರಮ ತಿರುವುಮುರುವಾಗುತ್ತದೆ: ಮೊದಲು ಮನೆ, ಆಮೇಲೆ ದೊಡ್ಡ, ಆಮೇಲೆ ತಂದೆ, ಕೊನೆಗೆ ನಾನು. ಒಂದೊಂದು ಪದವನ್ನೂ ಮುಂದಿನದಕ್ಕೆ ಹೊಲಿಯುವ ದಾರ ‘ಎ’ ಎಂಬ ಸ್ವರ, ಅದರ ಹೆಸರು ಎಜಾಫೆ. ‘ಖಾನೆಯೆ ಬೊಜೊರ್ಗೆ ಪೆದರೆ ಮನ್’ ಎಂಬುದನ್ನು ಹಿಂದಿನಿಂದ ಓದಿದರೆ ‘ನನ್ನ ತಂದೆಯ ದೊಡ್ಡ ಮನೆ’ ಸಿಗುತ್ತದೆ.

ಇನ್ನು ‘ರಾ’, ನಮ್ಮ ‘ಅನ್ನು’ವಿನ ಹಾಗೆ ಕರ್ಮಪದವನ್ನು ಗುರುತಿಸುವ ಪದ. ಕನ್ನಡದಲ್ಲಿ ‘ಅನ್ನು’ ಮನೆಗೇ ಅಂಟುವುದರಿಂದ ನೀವು ‘ರಾ’ವನ್ನೂ ‘ಖಾನೆ’ಯ ಪಕ್ಕಕ್ಕೆ ತಂದಿರಿ. ಕನ್ನಡಿಗರು ಬಹಳ ಸಹಜವಾಗಿ ಮಾಡುವ ತಪ್ಪು ಇದು, ನೊಂದುಕೊಳ್ಳಬೇಡಿ. ಪರ್ಷಿಯನ್‌ನಲ್ಲಿ ಎಜಾಫೆಯಿಂದ ಹೊಲಿದ ಇಡೀ ಸಾಲು ಒಂದೇ ಗಂಟು, ‘ರಾ’ ಬರುವುದು ಗಂಟು ಮುಗಿದ ಮೇಲೆ: ‘ಖಾನೆಯೆ ಬೊಜೊರ್ಗೆ ಪೆದರೆ ಮನ್ ರಾ ದೀದಮ್’. ಎಲ್ಲ ಕರ್ಮಪದಕ್ಕೂ ‘ರಾ’ ಬೇಕಿಲ್ಲ. ‘ಕೆತಾಬ್ ಖರೀದಮ್’ ಎಂದರೆ ಪುಸ್ತಕ ಕೊಂಡೆ, ಯಾವುದೋ ಪುಸ್ತಕ. ‘ಕೆತಾಬ್ ರಾ ಖರೀದಮ್’ ಎಂದರೆ ಇಬ್ಬರಿಗೂ ಗೊತ್ತಿರುವ ಆ ಪುಸ್ತಕವನ್ನು ಕೊಂಡೆ.

ಪ್ರಶ್ನೆ: ಬರಹದಲ್ಲಿ ಆ ‘ಎ’ ಕಾಣುವುದೇ ಇಲ್ಲವಲ್ಲ ಮೇಡಂ?

ಉತ್ತರ: ನಿಜ, ಹ್ರಸ್ವ ಸ್ವರವಾದ್ದರಿಂದ ಸಾಮಾನ್ಯವಾಗಿ ಬರೆಯುವುದಿಲ್ಲ. ದೀರ್ಘ ‘ಆ’, ‘ಊ’ ಸ್ವರಗಳಲ್ಲಿ ಮುಗಿಯುವ ಪದಗಳ ನಂತರ ‘ಯೆ’ ಅಕ್ಷರ ಕಾಣಿಸಿಕೊಳ್ಳುತ್ತದೆ, ‘ಖಾನೆ’ಯ ಹಾಗೆ ‘ಎ’ಯಲ್ಲಿ ಮುಗಿಯುವ ಪದಗಳ ನಂತರವೂ ಹಲವು ಬಾರಿ ‘ಯೆ’ಯನ್ನೋ ಮೇಲೊಂದು ಚಿಕ್ಕ ಗುರುತನ್ನೋ ಹಾಕುತ್ತಾರೆ. ಅದಕ್ಕೇ ವಾಕ್ಯವನ್ನು ಕೊನೆಯಿಂದ ಬಿಡಿಸಿ. ಮೊದಲು ಕ್ರಿಯಾಪದ ಹುಡುಕಿ, ಆಮೇಲೆ ‘ರಾ’. ‘ರಾ’ದ ಹಿಂದೆ ಒತ್ತಾಗಿ ನಿಂತ ಪದಗಳನ್ನು ‘ಎ’ ಸೇರಿಸಿ ಗಟ್ಟಿಯಾಗಿ ಓದಿ, ಅರ್ಥ ಕೂಡಿದರೆ ಅದೇ ಗಂಟು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ‘ಊ ರಫ್ತ್’ ಎಂದರೆ ಹೋದನೋ, ಹೋದಳೋ?

ಉತ್ತರ: ಎರಡೂ. ಲಿಂಗಭೇದವೇ ಇಲ್ಲ, ಸಂದರ್ಭ ನೋಡಿ ತಿಳಿಯಬೇಕು.

ಶಾಸನ ಓದುವವರಿಗೆ ಒಂದು ಮಾತು. ಶಾಸನ ಪದ್ಯದಲ್ಲಿದ್ದರೆ ಛಂದಸ್ಸಿಗಾಗಿ ಕ್ರಿಯಾಪದ ಎಲ್ಲಿ ಬೇಕಾದರೂ ಬರಬಹುದು. ಇನ್ನೂ ಕೆಲವು ತಿಂಗಳು ಸರಳ ಗದ್ಯವನ್ನೇ ಓದಿ.